ಹಾಸು ಇಲ್ಲದ ಹೊಕ್ಕು

ಕೆಲವು ತಿಂಗಳ ಹಿಂದೆ ನಮ್ಮ ಭಾಗದ ಒಂದು ಊರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಗೀತಗಾಯನದ ಸ್ಪರ್ಧೆಯೊಂದು ನಡೆಯಿತು. ಊರಿನ ಹೆಸರು ಬೇಡ. ಜಮಖಂಡಿಯಲ್ಲಿ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಮುಟ್ಟಬಹುದಾದ ಊರು ಎಂದರೆ ಸಾಕು. ನಾನು ಮೂವರು ತೀರ್ಪುಗಾರರಲ್ಲೊಬ್ಬ. ಮುಖ್ಯ ಅತಿಥಿಗಳಾಗಿ ಬಂದಿದ್ದ ಮಹನೀಯರು ಹಾರ ತುರಾಯಿಗಳ ತರುವಾಯ ಧ್ವನಿವರ್ಧಕದ ಮುಂದೆ ನಿಂತು ಸೊಗಸಾಗಿಯೇ ಮಾತನಾಡಿದರು. ಆಡಿದ್ದರ ಸಾರಾಂಶವಿಷ್ಟು: ಹಾಡು ತಾನಾಗಿ ಹುಟ್ಟತಕ್ಕದ್ದು, ಮೊದಲೇ ನಕ್ಷೆ ಹಾಕಿಕೊಂಡು ಕಟ್ಟಿದ ಹಾಡು ಕಾಗದದ ಹೂವು, ಹಕ್ಕಿ ಯಾವ ಯೋಜನೆ ಹಾಕಿಕೊಂಡು ಹಾಡುತ್ತದೆ? ನಮ್ಮ ಹಳ್ಳಿಯ ನಿರಕ್ಷರ ಹಾಡುಗಾರನೂ ಹಕ್ಕಿಯಂತೆಯೇ ಹಾಡಿದ. ಪಶ್ಚಿಮದ ಮೊಝಾರ್ಟನಂತಹ ಮಹಾನುಭಾವನಿಗೂ ಇಡಿಯ ಕೃತಿ ಕನಸಿನಂತೆ ಒಮ್ಮೆಗೇ ಇಳಿದು ಬರುತ್ತಿತ್ತು. ಆದ್ದರಿಂದ, ಮಕ್ಕಳೇ, ಯೋಚಿಸಬೇಡಿರಿ, ಹಾಡಿರಿ.

ಚಪ್ಪಾಳೆಗಳು ಬಿದ್ದವು. ಸೌಜನ್ಯಕ್ಕಾಗಿ ನಾನೂ ಎರಡು ಸಲ ಕೈ ತಟ್ಟಿದೆ. ಆ ಎರಡು ಚಪ್ಪಾಳೆಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಈ ಲೇಖನ.

ಅಂದು ಬಂದ ತಂಡಗಳು ಏಳು. ಅವುಗಳಲ್ಲಿ ಐದು ತಂಡದವರು ತಮ್ಮ ಹಾಡಿಗೆ ಧಾಟಿ ಕೂಡಿಸಿದ್ದು ಹಿಂದಿನ ರಾತ್ರಿ. ಒಬ್ಬ ಹುಡುಗಿಯಂತೂ ಬಸ್ಸಿನಲ್ಲಿಯೇ ಮೊಬೈಲಿನ ತಾಳಕ್ಕೆ ಗುನುಗಿ ಕೂಡಿಸಿದೆನೆಂದು ಹೆಮ್ಮೆಯಿಂದ ಹೇಳಿದಳು. ಮುಖ್ಯ ಅತಿಥಿಗಳ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಶಿಷ್ಯರು ಸಿಕ್ಕಾರೆ? ಮೊದಲ ಬಹುಮಾನ ಪಡೆದ ತಂಡದವರು ಹಾಡಿದ್ದು ಹಲಗಲಿಯ ಬೇಡರ ಲಾವಣಿ. ಇದ್ದ ಕಾಲ ಐದೇ ನಿಮಿಷ. ಆರಂಭದ ಒಂದಿಷ್ಟು ಸಾಲು, ನಡುವಿನ ಕಾಳಗ, ಯಂತ್ರದಿಂದ ಬರುತ್ತಿದ್ದ ಢೋಲಿನ ಹೊಡೆತ, ಕೊನೆಗೆ ಒಂದು ಜಯಘೋಷ. ಲೂಟಿಯ ಭಾಗವೇ ಇಲ್ಲ. ಆಮೇಲೆ ತಂಡದ ಮುಖಂಡನನ್ನು ಕರೆದು, "ಅದನ್ನೇಕೆ ಬಿಟ್ಟಿರಪ್ಪಾ?" ಎಂದು ಕೇಳಿದೆ. "ಅದು ಬರೇ ಸಾಮಾನಿನ ಯಾದಿ ಐತ್ರಿ ಸರ್, ಮಂದಿಗೆ ಬೇಸರ ಬರತೈತಿ" ಎಂದ. ಬಹುಮಾನ ಎರಡು ಮತಗಳಿಗೆ ಒಂದು ಮತದಂತೆ ನಿರ್ಧಾರವಾಯಿತು. ಆ ಒಂದು ಮತ ಯಾರದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಲಾವಣಿಯೆಂದರೆ ಭಾವಾವೇಶದಲ್ಲಿ ಬಾಯಿಗೆ ಬಂದಂತೆ ಹರಿದದ್ದು ಎಂದು ಅವನಿಗೆ ಕಲಿಸಲಾಗಿದೆ. ಹಾಗೆ ಹರಿದದ್ದನ್ನು ಎಲ್ಲಿ ಬೇಕಾದರೂ ತುಂಡರಿಸಬಹುದಲ್ಲ! ಹೊಳೆಯ ನೀರಿನಲ್ಲಿ ಒಂದು ಕೊಡ ಮೊಗೆದರೆ ಹೊಳೆಗೇನು ನಷ್ಟ? ನಷ್ಟವಾಗುವುದು ಕಟ್ಟಿದ್ದರಿಂದ ಒಂದು ಕಲ್ಲನ್ನು ಕಿತ್ತಾಗ. ಆದ್ದರಿಂದ ಆ ಲಾವಣಿ ಹರಿದದ್ದೋ ಕಟ್ಟಿದ್ದೋ ಎಂಬುದನ್ನು ಮೊದಲು ನೋಡಬೇಕು.

ಹಲಗಲಿ ಇಲ್ಲಿಯದೇ ಊರು, ಮುಧೋಳ ತಾಲೂಕಿನದು. ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಕುಂಪಣಿ ಸರಕಾರ ಜನರ ಕೈಯ ಆಯುಧಗಳನ್ನು ಕಸಿದುಕೊಳ್ಳಲು ಆಜ್ಞೆ ಹೊರಡಿಸಿದಾಗ ಈ ಊರಿನ ಬೇಡರು ಕೊಡುವುದಿಲ್ಲವೆಂದು ನಿಂತರು. ಆ ವರ್ಷದ ನವೆಂಬರಿನ ಕೊನೆಯಲ್ಲಿ ದಂಡು ಬಂತು, ಊರು ಸುಟ್ಟಿತು. ಈ ಘಟನೆಯ ಮೇಲೆ ಹುಟ್ಟಿದ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದರಿಂದ ಅದು ನಮಗೆ ಉಳಿಯಿತು. ಈಗ ಶಾಲೆಯ ಮಕ್ಕಳೂ ಓದುತ್ತಾರೆ. ಕಟ್ಟಿದವನ ಊರು ಮನೆತನ ತಿಳಿಯದು. ಕುರ್ತಕೋಟಿಯ ಕಲ್ಮೇಶನ ದಯೆಯೆಂದು ಕೊನೆಯಲ್ಲಿ ಅಂಕಿತ ಹಾಕಿ ಅವನು ಮರೆಯಾಗಿದ್ದಾನೆ.

ಅವನ ಕೆಲಸವನ್ನು ನೋಡಿರಿ. ಪಲ್ಲವಿಯಲ್ಲಿಯೇ ಹೊತ್ತು ಬಂದಿತೆಂಬ ಸೂಚನೆಯಿದೆ, ದೈವ ಒಲಿಯಲಿಲ್ಲವೆಂಬ ಸೂಚನೆಯಿದೆ. ಎಂದರೆ ಸೋಲನ್ನು ಅವನು ಬಚ್ಚಿಡಲಿಲ್ಲ. ಪ್ರತಿ ನುಡಿಯ ಕೊನೆಗೆ ಮೇಳದವರು ಪಲ್ಲವಿಗೆ ಮರಳಿದಾಗಲೆಲ್ಲ, ಬೇಡರು ಗೆಲ್ಲುತ್ತಿರುವಾಗ ಕೂಡ, ಕೇಳುವವನ ಕಿವಿಯಲ್ಲಿ ಆ ಸೋಲು ಬಡಿಯುತ್ತಲೇ ಇರುತ್ತದೆ. ಪಲ್ಲವಿಯ ಬೆನ್ನಿಗೇ ಬರುವುದು ವಿಲಾಯತಿಯ ಹುಕುಮು: ಕಸಿದುಕೊಳ್ಳಿರಿ. ಏನನ್ನು? ಹತಾರವನ್ನು. ನಾಲ್ವರ ಮಸಲತ್ತು, ಕಾರಕೂನನಿಗೆ ಬಿದ್ದ ಏಟು, ದಂಡಿನ ಆಗಮನ, ಕಾಳಗ, ಸಾವುಗಳು, ಎಲ್ಲ ಆದ ಮೇಲೆ ಮತ್ತೆ ಕಸಿದುಕೊಳ್ಳುವ ಮಾತು ಬರುತ್ತದೆ. ಈ ಸಲ ಏನೇನನ್ನು? ಒಕ್ಕಲುತನದ ಸಾಮಾನನ್ನು, ಹಾಲು ಮೊಸರನ್ನು, ಉಪ್ಪು ಅರಿಸಿನವನ್ನು, ಹೆಣ್ಣುಮಕ್ಕಳ ಮಂಗಳಸೂತ್ರವನ್ನು, ಕಡೆಗೆ ಬೀಸುವ ಕಲ್ಲನ್ನು! ಆಯುಧ ಕೊಡಿರೆಂದು ಬಂದ ಸರಕಾರ ಜೀರಿಗೆಯ ಡಬ್ಬಿಯನ್ನೂ ಬಿಡಲಿಲ್ಲ. ಮೊದಲನೆಯ ಕಸಿಯುವಿಕೆಗೂ ಕೊನೆಯ ಕಸಿಯುವಿಕೆಗೂ ನಡುವೆ ಇಡಿಯ ಲಾವಣಿ ತೊಟ್ಟಿಲಿನಂತೆ ತೂಗುಬಿದ್ದಿದೆ. ಇಡೀ ಹಾಡಿನಲ್ಲಿ ಒಂದು ಬೈಗುಳವೂ ಇಲ್ಲದಿದ್ದರೆ ನಡೆಯುತ್ತಿತ್ತು; ಆ ಯಾದಿಯೊಂದೇ ಸಾಕಿತ್ತು, ಕುಂಪಣಿಯ ಮಾನ ಕಳೆಯುವುದಕ್ಕೆ. ಇಷ್ಟಾದ ಮೇಲೆಯೇ ಊರಿಗೆ ಬೆಂಕಿ, ಬೂದಿ, ಅಂಕಿತ. ಆ ಹುಡುಗ ಬೇಸರದ ಯಾದಿಯೆಂದು ತೆಗೆದೊಗೆದದ್ದು ಇದನ್ನು. ತೆಗೆದೊಗೆದ ಮೇಲೆ ಉಳಿದದ್ದು ಒಂದು ಹೊಡೆದಾಟ.

ಇದನ್ನು ಹಕ್ಕಿ ಹಾಡಿತೆ?

ಧಾಟಿಯ ಕಡೆಗೆ ಬನ್ನಿರಿ. ಲಾವಣಿಕಾರರ ಬಾಯಲ್ಲಿ ಅದರ ಅಂಗಾಂಗಗಳಿಗೆ ಹೆಸರುಗಳಿವೆ: ಪಲ್ಲ, ನುಡಿ, ಚ್ಯಾಲ, ಏರು, ಇಳುವು, ಕೂಡುಪಲ್ಲ. ಏರಿನಲ್ಲಿ ದನಿ ಮೇಲಕ್ಕೆ ಹೋಗಬೇಕು, ಇಳುವಿನಲ್ಲಿ ಕೆಳಗಿಳಿಯಬೇಕು, ಕೂಡುಪಲ್ಲದಲ್ಲಿ ಹಿಂದಿನ ಮೇಳ ಬಂದು ಪಲ್ಲಕ್ಕೆ ಕೂಡಿಕೊಳ್ಳಬೇಕು. ಕಥೆಯ ಯಾವ ಮಾತು ಏರಿಗೆ ಬೀಳಬೇಕು, ಯಾವುದು ಇಳುವಿಗೆ, ಎಂಬುದನ್ನು ಮೊದಲೇ ತೂಗಿ ನೋಡದವನು ಡಪ್ಪು ತುಂತುಣಿಗಳ ನಡುವೆ ನಿಂತು ಒಂದು ರಾತ್ರಿ ಕಳೆಯಲಾರ. ಹರದೇಶಿ-ನಾಗೇಶಿಯವರ ಸವಾಲು-ಜವಾಬನ್ನು ಬೀಳಗಿ ಮುಧೋಳಗಳ ಕಡೆಯ ಜಾತ್ರೆಗಳಲ್ಲಿ ಕೇಳಿದವರಿಗೆ ಇದು ಗೊತ್ತು. ಎದುರಾಳಿಯ ಪ್ರಶ್ನೆ ಆಗಿಂದಾಗ ಬರುತ್ತದೆ, ಉತ್ತರವೂ ಆಗಿಂದಾಗ ಬರುತ್ತದೆ, ನಿಜ. ಉತ್ತರ ಕೂಡಬೇಕಾದ ಮನೆ ಮಾತ್ರ ಮೊದಲೇ ಕಟ್ಟಿ ನಿಂತಿರುತ್ತದೆ.

ಇನ್ನು ಭಾಷೆಯನ್ನೇ ಸಾಕ್ಷಿ ಕರೆಯೋಣ. ನಮ್ಮ ಹಳ್ಳಿಯವರು ಹಾಡು "ಹುಟ್ಟಿತು" ಎಂದು ಹೇಳಿದ್ದನ್ನು ನಾನು ಅಷ್ಟಾಗಿ ಕೇಳಿಲ್ಲ. "ಈ ಪದಾ ಯಾರು ಕಟ್ಯಾರ?" ಎಂದೇ ಕೇಳುತ್ತಾರೆ. ಮನೆ ಕಟ್ಟುವುದು, ಬಾವಿಗೆ ಕಲ್ಲು ಕಟ್ಟುವುದು, ಪದ ಕಟ್ಟುವುದು, ಎಲ್ಲಕ್ಕೂ ಒಂದೇ ಕ್ರಿಯಾಪದ. ಹುಟ್ಟುವ ಕೆಲಸವನ್ನು ಹಾಡಿಗೆ ಅಂಟಿಸಿದವರು ಇಂಗ್ಲಿಷ್ ರಮ್ಯಕಾವ್ಯವನ್ನು ಓದಿ ಬಂದ ನಮ್ಮಂತಹ ಪದವೀಧರರು. ನಾನೂ ಎಂ.ಎ. ತರಗತಿಯಲ್ಲಿ ಆ ಪಾಪವನ್ನು ಮಾಡಿದವನೇ.

ಜನಪದದವನಿಗೆ ಯೋಜನೆ ಇದ್ದರೆ ಅದು ಶಿಷ್ಟರಿಂದ ಬಂದ ಸೋಂಕು ಎನ್ನುವವರೂ ಇದ್ದಾರೆ. ಅವರಿಗಾಗಿ ಅದೇ ಮುಧೋಳದ ಇನ್ನೊಬ್ಬನನ್ನು ಕರೆತರುತ್ತೇನೆ. ಬಳೆಗಾರರ ಮನೆತನದಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನವೇರಿದ ರನ್ನ, ಸುಮಾರು ಸಾವಿರ ವರ್ಷಗಳ ಹಿಂದೆ, ಭಾರತದ ಕಥೆಯನ್ನೆಲ್ಲ ಹೇಳಬೇಕೆಂದುಕೊಂಡಾಗ ಮೊದಲಿನಿಂದ ಹೇಳುತ್ತ ಬರಲಿಲ್ಲ. ಯುದ್ಧದ ಕೊನೆಯ ದಿನದಲ್ಲಿ ಹೋಗಿ ನಿಂತ. ಹಿಂತಿರುಗಿ ನೋಡಿದ. ದುರ್ಯೋಧನ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣನ ಹೆಣ ಕಾಣುತ್ತದೆ, ದುಶ್ಶಾಸನನ ಹೆಣ ಕಾಣುತ್ತದೆ, ಕರ್ಣನ ಹೆಣ ಕಾಣುತ್ತದೆ. ಒಂದೊಂದು ಹೆಣದ ಹತ್ತಿರ ಒಂದೊಂದು ಹಳೆಯ ಕಥೆ ಎದ್ದು ಕೂಡ್ರುತ್ತದೆ. ಸಿಂಹಾವಲೋಕನವೆಂದು ನಾವು ಪಾಠ ಹೇಳುವುದು ಇದಕ್ಕೇ. ಗದಾಯುದ್ಧದ ಮೊದಲನೆಯ ಪದ್ಯ ಬರೆಯುವ ಮೊದಲು ಇಡಿಯ ಕಾವ್ಯದ ನಕ್ಷೆ ಆ ತಲೆಯಲ್ಲಿರದೆ ಈ ಕೆಲಸ ಸಾಧ್ಯವಿತ್ತೆ? ಅಂತ್ಯವನ್ನು ಪಲ್ಲವಿಗೆ ತಂದುಕೊಂಡ ಹಲಗಲಿಯ ಲಾವಣಿಕಾರ ರನ್ನನನ್ನು ಓದಿರಲಾರ. ಆದರೆ ಇಬ್ಬರೂ ಒಂದೇ ಸಮಸ್ಯೆಯ ಎದುರು ಕುಳಿತು ಒಂದೇ ಬಗೆಯ ಪರಿಹಾರ ಕಂಡುಕೊಂಡರು. ಎಂಟೂವರೆ ಶತಮಾನಗಳ ಅಂತರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಂಗೀತಶಾಸ್ತ್ರದವರು ಈ ವಿಷಯದಲ್ಲಿ ನಮ್ಮ ಮುಖ್ಯ ಅತಿಥಿಗಳಿಗಿಂತ ನಿಷ್ಠುರರು. ಹದಿಮೂರನೆಯ ಶತಮಾನದಲ್ಲಿ ಸೇವುಣರ ದೇವಗಿರಿಯಲ್ಲಿ ಕುಳಿತು 'ಸಂಗೀತರತ್ನಾಕರ'ವನ್ನು ಬರೆದ ಶಾರ್ಙ್ಗದೇವನು ಮಾತಿಗೆ 'ಮಾತು' ಎಂತಲೂ ಸ್ವರರಚನೆಗೆ 'ಧಾತು' ಎಂತಲೂ ಹೆಸರಿಟ್ಟು, ಎರಡನ್ನೂ ಬಲ್ಲವನೇ ಉತ್ತಮ ವಾಗ್ಗೇಯಕಾರನೆಂದ. ಮಾತು ರಮ್ಯವಾಗಿದ್ದೂ ಧಾತುವಿನಲ್ಲಿ ಮಂದನಾದವನನ್ನು ಅಧಮನೆಂದು ತಳ್ಳಿಬಿಟ್ಟ. ನಮ್ಮ ಎಷ್ಟು ಜನ ಗೀತಕಾರರು ಆ ಪಂಕ್ತಿಯಲ್ಲಿ ಕೂಡ್ರಬೇಕಾದೀತೋ! ನನಗೆ ಹೆಚ್ಚು ಹಿಡಿಸಿದ್ದು ಅವನ ಇನ್ನೊಂದು ಮಾತು. ಧಾತು ಮಾತುಗಳೆರಡನ್ನೂ ಬಲ್ಲವನಾದರೂ ಪ್ರಬಂಧದಲ್ಲಿ ಪ್ರೌಢಿಮೆ ಇಲ್ಲದವನು ಬರಿಯ ಮಧ್ಯಮ. ಪ್ರಬಂಧವೆಂದರೆ ಅಂಗಾಂಗಗಳನ್ನು ಅರಿತು ಬಿಗಿಯಾಗಿ ಬಂಧಿಸಿದ ರಚನೆ. ಸಾಲು ಚೆನ್ನಾಗಿದೆ, ರಾಗ ಚೆನ್ನಾಗಿದೆ, ಕಟ್ಟಡ ಮಾತ್ರ ಇಲ್ಲ. ಅಂತಹವನಿಗೆ ಮೊದಲ ಬಹುಮಾನ ಅಲ್ಲಿ ಸಿಗುತ್ತಿರಲಿಲ್ಲ.

ನಮ್ಮ ಹರಿದಾಸರ ಸುಳಾದಿಯನ್ನೇ ತೆಗೆದುಕೊಳ್ಳಿರಿ. ಒಂದೇ ಕೃತಿ ಒಂದು ತಾಳದಿಂದ ಇನ್ನೊಂದು ತಾಳಕ್ಕೆ ದಾಟುತ್ತ ಹೋಗಿ ಜತೆಯಲ್ಲಿ ಮುಗಿಯುತ್ತದೆ. ಧ್ರುವದಲ್ಲಿ ಹೇಳುವ ಮಾತಿನ ನಡಿಗೆ ಬೇರೆ, ಏಕದಲ್ಲಿ ಹೇಳುವ ಮಾತಿನ ನಡಿಗೆ ಬೇರೆ. ಭಕ್ತಿಯ ಉದ್ರೇಕ ದಾಸರಿಗೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೆ?

"ಹಾಗಾದರೆ ಖ್ಯಾಲದ ಗತಿಯೇನು? ಅಲ್ಲಿ ಎಲ್ಲವೂ ಆ ಕ್ಷಣದ್ದಲ್ಲವೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಮಿರಜಿನ ತಂಬೂರಿಯ ಝೇಂಕಾರ ಕೇಳಿ ಬೆಳೆದ ನಾಡು ನಮ್ಮದು. ಅಬ್ದುಲ್ ಕರೀಂ ಖಾನರ, ಮಲ್ಲಿಕಾರ್ಜುನ ಮನ್ಸೂರರ ಹೆಸರು ಹೇಳಿದರೆ ಇಲ್ಲಿಯ ಮುದುಕರು ಇಂದಿಗೂ ಕಿವಿ ಮುಟ್ಟಿಕೊಳ್ಳುತ್ತಾರೆ. ಖ್ಯಾಲಿನ ವಿಸ್ತಾರ ಆ ಕ್ಷಣದ್ದು, ಒಪ್ಪುತ್ತೇನೆ. ಆದರೆ ಅದರ ನಡುವೆ ಸ್ಥಾಯಿ ಅಂತರಾಗಳ ಬಂದಿಶು ಗೂಟದಂತೆ ನಿಂತಿದೆ, ತಿರುಗಿ ಬರಬೇಕಾದ ಸಮ ಎದುರಿಗಿದೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ತೀನತಾಲಕ್ಕೆ 16 ಮಾತ್ರೆ. ಐದು ಮಾತ್ರೆಯ ಒಂದು ತುಣುಕನ್ನು ಎಡೆಬಿಡದೆ ಮೂರು ಸಲ ಹೇಳಿ, ಮೂರನೆಯದರ ಕೊನೆಯ ಪೆಟ್ಟನ್ನು ಸಮದ ಮೇಲೆ ಬೀಳಿಸಬೇಕಾದರೆ, ಮೂರನೆಯ ಮಾತ್ರೆಯಲ್ಲಿ ಎತ್ತಿಕೊಳ್ಳಬೇಕು. ನಾಲ್ಕನೆಯದರಲ್ಲಿ ಎತ್ತಿಕೊಂಡಿರೋ, ಸಮ ದಾಟಿಹೋಯಿತು, ಸಭೆ ನಕ್ಕಿತು. ಕೇಳುವವರಿಗೆ ಮಿಂಚಿನಂತೆ ತೋರುವ ಆ ತಿಹಾಯಿಯ ಕೊನೆಯನ್ನು ಗವಾಯಿ ಹದಿನಾಲ್ಕು ಮಾತ್ರೆಗಳ ಮೊದಲೇ ನೋಡಿರುತ್ತಾನೆ. ಕ್ಷಣದಲ್ಲಿ ಯೋಜಿಸುವ ಶಕ್ತಿ ಬರುವುದು ವರ್ಷಗಟ್ಟಲೆ ಯೋಜಿಸಿದವನಿಗೆ. ಯೋಚಿಸಬೇಡಿರೆಂದು ಮಕ್ಕಳಿಗೆ ಹೇಳಿದವರು ಈ ಕ್ಷಣವನ್ನೂ ಅವರಿಂದ ಕಸಿದುಕೊಂಡಂತಾಯಿತು.

ಮೊಝಾರ್ಟನ ವಿಷಯಕ್ಕೂ ಎರಡು ಮಾತು. ಇಡಿಯ ಕೃತಿ ಒಂದೇ ನೋಟಕ್ಕೆ ಮನಸ್ಸಿನಲ್ಲಿ ನಿಲ್ಲುತ್ತದೆಂದು ಅವನೇ ಬರೆದನೆನ್ನಲಾದ ಪತ್ರವೊಂದುಂಟು. ನಮ್ಮ ಸ್ಫೂರ್ತಿವಾದಿಗಳ ಬ್ರಹ್ಮಾಸ್ತ್ರವೇ ಅದು. ಆ ಪತ್ರ ಮೊದಲು ಬೆಳಕು ಕಂಡದ್ದು 1815ರಲ್ಲಿ, ಅವನು ತೀರಿಕೊಂಡು 24 ವರ್ಷಗಳಾದ ಮೇಲೆ, ರೋಖ್ಲಿಟ್ಸ್ ಎಂಬ ಸಂಪಾದಕನ ಜರ್ಮನ್ ಪತ್ರಿಕೆಯಲ್ಲಿ. ಅದು ಅವನ ಪತ್ರವಲ್ಲವೆಂದು ವಿದ್ವಾಂಸರು ತಳ್ಳಿಹಾಕಿ ಎಷ್ಟೋ ಕಾಲವಾಯಿತು. ಅವನ ಕೈಬರಹದ ಕರಡುಗಳೂ ಅರ್ಧಕ್ಕೆ ಬಿಟ್ಟ ಆರಂಭಗಳೂ ಉಳಿದಿವೆ. ಬೇಥೋವನನಂತೂ ಕಿಸೆಯಲ್ಲಿ ಕರಡುಪುಸ್ತಕವಿಲ್ಲದೆ ತಿರುಗಾಡಲು ಹೋಗುತ್ತಿರಲಿಲ್ಲ. 1808ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಕೇಳಿಸಿದ ಐದನೆಯ ಸಿಂಫನಿಯ ಮೊದಲ ಗೀಟುಗಳು ಅದಕ್ಕೂ ನಾಲ್ಕು ವರ್ಷಗಳಷ್ಟು ಹಿಂದಿನವು. ಕಳ್ಳಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ವೇದಿಕೆಯ ಮೇಲೆ ಚೆನ್ನಾಗಿಯೇ ನಡೆಯುತ್ತದೆ.

ನನ್ನ ವಾದದ ಮಿತಿಯನ್ನೂ ನಾನೇ ಹೇಳಬೇಕು. ಯೋಜನೆಯಿದ್ದರೆ ಸಾಕು ಹಾಡು ಬಂತು ಎಂದು ನಾನು ಹೇಳುತ್ತಿಲ್ಲ. ನಕ್ಷೆಯಲ್ಲಿ ಅಚ್ಚುಕಟ್ಟಾಗಿದ್ದು ಬಾಯಲ್ಲಿ ಸತ್ತ ಹಾಡುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಒಂದೆರಡನ್ನು ಕಾಲೇಜಿನ ವಾರ್ಷಿಕೋತ್ಸವಕ್ಕಾಗಿ ನಾನೇ ಬರೆದೂ ಇದ್ದೇನೆ, ಅವು ಮರಳಿ ಯಾರ ಬಾಯಿಗೂ ಬರಲಿಲ್ಲ. ಕಟ್ಟುವಾಗ ನಕ್ಷೆ ಬದಲಾಗುತ್ತದೆ, ಬದಲಾಗಲೇಬೇಕು. ಎಲ್ಲಿಯೋ ಒಂದು ಸಾಲು ಕರೆಯದೆ ಬಂದು ಕೂಡ್ರುತ್ತದೆ. ಬರಲಿ. ಕೂಡ್ರುವುದಕ್ಕೆ ಜಗಲಿ ಇರಬೇಡವೆ?

ನನ್ನನ್ನು ಕೆರಳಿಸಿದ್ದು ಸಂಗೀತಕ್ಕಿಂತ ದೊಡ್ಡದು. ಹಳ್ಳಿಯ ಹಾಡುಗಾರ ಹಕ್ಕಿಯಂತೆ ಎನ್ನುವ ಮಾತು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಅದರ ವೇಷ ಕಳಚಿ ನೋಡಿರಿ: ಅವನಿಗೆ ಕೊರಳುಂಟು, ತಲೆಯಿಲ್ಲ. ರನ್ನ ಆಲೋಚಿಸಿದ, ಬೇಥೋವನ ಆಲೋಚಿಸಿದ, ಕಲ್ಮೇಶನ ಅಂಕಿತದವನು ಮಾತ್ರ ಚಿಲಿಪಿಲಿಗುಟ್ಟಿದ! ಕೃತಿಯಲ್ಲಿ ಬುದ್ಧಿಯಿದೆಯೆಂದು ಒಪ್ಪಿಕೊಂಡರೆ ಕರ್ತೃವೂ ಇದ್ದಾನೆಂದು ಒಪ್ಪಬೇಕಾಗುತ್ತದೆ. ಕರ್ತೃವಿಲ್ಲವೆಂದ ಮೇಲೆ ಅವನ ಹಾಡನ್ನು ಐದು ನಿಮಿಷಕ್ಕೆ ಕತ್ತರಿಸಲು, ಸಿನಿಮಾದ ತಾಳ ಹಚ್ಚಲು, ಕ್ಯಾಸೆಟ್ಟಿನ ಕಾಲದಿಂದ ಇಂದಿನವರೆಗೆ 'ಸಾಹಿತ್ಯ: ಜನಪದ' ಎಂದು ಬರೆದು ಸಂಗೀತದ ಮುಂದೆ ತಮ್ಮ ಹೆಸರು ಹಾಕಿಕೊಳ್ಳಲು ಯಾರ ಅಪ್ಪಣೆ ಬೇಕು? ಇದೇ ಹಣೆಬರಹ ನಮ್ಮ ಕೃಷ್ಣಪಾರಿಜಾತಕ್ಕೂ ಬಂದಿದೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂಬಷ್ಟರಿಂದ ಸತ್ಯಭಾಮೆಯ ಮುನಿಸು ಬೆಳೆದು ಬೆಳಗಿನವರೆಗೂ ಆಟ ನಡೆಯಬೇಕಾದರೆ, ಕುಲಗೋಡ ತಮ್ಮಣ್ಣನ ಆ ಕಟ್ಟಡದಲ್ಲಿ ಎಷ್ಟು ತೊಲೆ ಕಂಬಗಳಿರಬೇಕು! ಕೌಜಲಗಿ ನಿಂಗಮ್ಮ ಆಡಿ ಹೆಸರುಗೊಳಿಸಿದ ಆಟವಿದು. ಉತ್ಸವಗಳ ವೇದಿಕೆಯಲ್ಲಿ ಈಗ ಅದಕ್ಕೆ ಸಿಗುವುದು ಅರ್ಧ ತಾಸು. ಕಡಿಮೆ ಮಾಡುವುದು ಅನಿವಾರ್ಯವಾದರೆ ಮಾಡಿರಿ. ಯಾವ ಕಂಬ ಯಾವ ತೊಲೆಯನ್ನು ಹೊತ್ತಿದೆಯೆಂದು ನೋಡಿಯಾದರೂ ಮಾಡಿರಿ.

ಈ ಮಾತನ್ನು ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಕುಳಿತು ಹೇಳಬೇಕಾಗಿ ಬಂದದ್ದು ನನಗೆ ಹೆಚ್ಚು ವಿಚಿತ್ರವಾಗಿ ತೋರುತ್ತದೆ. ನನ್ನ ತರಗತಿಯಲ್ಲಿ ಕೂಡ್ರುವ ಮಕ್ಕಳಲ್ಲಿ ಅನೇಕರು ಮಗ್ಗದ ಮನೆಯಿಂದ ಬಂದವರು. ಒಂದು ಸೀರೆ ನೇಯುವ ಮೊದಲು ಹಾಸಿನ ಎಳೆಗಳೆಷ್ಟು, ದಡಿಗೆ ಯಾವ ಬಣ್ಣ ಎಷ್ಟು ಎಳೆ, ಒಡಲಿನ ಉದ್ದವೆಷ್ಟು, ಸೆರಗು ಎಲ್ಲಿ ಹತ್ತಬೇಕು, ಎಲ್ಲವನ್ನೂ ಎಣಿಸಿ ಹಾಸು ಹೂಡುವುದನ್ನು ಅವರು ತೊಡೆಯ ಮೇಲೆ ಕುಳಿತ ವಯಸ್ಸಿನಿಂದ ನೋಡಿದ್ದಾರೆ. ಹೂಡಿದ ಮೇಲೆ ಹಾಸು ಬದಲಾಗದು. ಲಾಳಿ ಮಾತ್ರ ಆಡುತ್ತದೆ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದ ಮನೆಗಳಲ್ಲಿಯೂ ಈ ಕ್ರಮ ತಪ್ಪಿಲ್ಲ. ಅಂತಹ ಮಕ್ಕಳಿಗೆ ನಾವು ಹೇಳುತ್ತಿದ್ದೇವೆ: ನಿಮ್ಮಪ್ಪ ಸೀರೆಗೆ ಯೋಚಿಸಿದ್ದು ಸರಿ, ಹಾಡಿಗೆ ಯೋಚನೆ ಬೇಡ.

ಸ್ಪರ್ಧೆಯಾದ ಮರುವಾರ ತರಗತಿಯಲ್ಲಿ ಹಲಗಲಿಯ ಲಾವಣಿಯನ್ನು ಪೂರ್ತಿಯಾಗಿ ಓದಿ ಹೇಳಿ, ಇದನ್ನು ಕಟ್ಟಿದವನು ಮೊದಲು ಏನೇನು ಯೋಚಿಸಿದ್ದಿರಬೇಕೆಂದು ಒಂದು ಹಾಳೆಯಲ್ಲಿ ಬರೆದು ತನ್ನಿರೆಂದು ಕೇಳಿದೆ. ಹೆಚ್ಚಿನವರು ಗೈಡಿನಲ್ಲಿದ್ದ ಸಾರಾಂಶವನ್ನು ಬರೆದು ತಂದರು. ಹಿಂದಿನ ಬಾಕಿನಲ್ಲಿ ಕೂಡ್ರುವ ಬನಹಟ್ಟಿಯ ಹುಡುಗನೊಬ್ಬ ಏನೂ ಬರೆಯದೆ, ಅವರ ಮನೆಯಲ್ಲಿ ದಡಿಯ ನಮೂನೆ ತೆಗೆಯುವ ಚೌಕಳಿ ಕಾಗದದ ಮೇಲೆ ಒಂದು ಸೀರೆಯ ಚಿತ್ರ ತೆಗೆದು ತಂದಿದ್ದ. ಎರಡೂ ಬದಿಯ ದಡಿಯುದ್ದಕ್ಕೂ 'ಪಲ್ಲವಿ' ಎಂದು ಬರೆದಿದ್ದ. ಒಡಲಿನಲ್ಲಿ ಹುಕುಮು, ಮಸಲತ್ತು, ಕಾಳಗ, ಒಂದರ ಪಕ್ಕ ಒಂದು, ಅಳತೆ ಹಾಕಿದಂತೆ. ಸೆರಗಿನ ಮನೆಯನ್ನು ಕೆಂಪು ಸೀಸದ ಕಡ್ಡಿಯಿಂದ ತುಂಬಿದ್ದ, ಅಲ್ಲಿ ಅಕ್ಷರವಿರಲಿಲ್ಲ. "ಇಲ್ಲಿ ಯಾವ ನುಡಿ ಬರತೈತೋ?" ಎಂದು ಕೇಳಿದೆ. ಹುಡುಗ ಪುಸ್ತಕ ತೆಗೆದು, ಬೀಸುವ ಕಲ್ಲಿನ ಮಾತು ಬರುವ ಜಾಗದ ಮೇಲೆ ಬೆರಳಿಟ್ಟ.